ಸೇನೆಯ ರಾತ್ರಿ ಕನ್ನಡಕ: ಜೆನ್ 1ರಿಂದ ಜೆನ್ 3ಕ್ಕೆ ಒಳಗೆ ಬದಲಾದದ್ದು ಎಂತ?

ಅಡಿಕೆತೋಟ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಈಗಿನ ಮೊಬೈಲ್ ಕ್ಯಾಮೆರಾಗಳು ಕತ್ತಲೆಯಲ್ಲೂ ಹಗಲಿನ ಹಾಗೆ ಫೋಟೋ ತೆಗೆಯುತ್ತವೆ. ಹಾಗಿರುವಾಗ ಸೇನೆಯವರು ಇನ್ನೂ ನಿರ್ವಾತ ಕೊಳವೆ ಇರುವ ಕನ್ನಡಕವನ್ನೇ ಅಷ್ಟು ದುಡ್ಡು ಕೊಟ್ಟು ತಕ್ಕೊಳ್ಳುವುದು ಎಂತಕ್ಕೆ? ಜೆನ್ (ಜನರೇಷನ್, ಅಂದರೆ ತಲೆಮಾರು) 1, ಜೆನ್ 2, ಜೆನ್ 3 ಅಂತ ಮಾರುವವರು ಬರೆಯುತ್ತಾರಲ್ಲ, ಅವುಗಳ ಮಧ್ಯೆ ನಿಜವಾಗಿ ಬದಲಾದ ಭಾಗ ಯಾವುದು? "ಹೆಚ್ಚು ಸ್ಪಷ್ಟ" ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಕೊಳವೆ ಬಿಚ್ಚಿದರೆ ಎಂತ ಕಾಣುತ್ತದೆ, ಅದನ್ನು ಹೇಳಿ.

ನಿರ್ವಾತ, ಕುಂಬಳೆ

ಮೊದಲು ಮೊಬೈಲಿನ ವಿಷಯ ಮುಗಿಸುವ. ರಾತ್ರಿ ಫೋಟೋಕ್ಕೆ ಮೊಬೈಲು ಒಂದೆರಡು ಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬೆಳಕು ಕೂಡಿಟ್ಟು, ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಕೊಡುತ್ತದೆ. ನಿಂತ ಮರಕ್ಕೆ ಅದು ಸಾಕು. ಕತ್ತಲಲ್ಲಿ ಓಡುವ ಜವಾನನಿಗೆ ತಲೆ ತಿರುಗಿಸಿದ ಕೂಡಲೇ ಎದುರಿನ ಹೊಂಡ ಕಾಣಬೇಕು. ಕೊಳವೆಯಲ್ಲಿ ತಡ ಅಂತ ಇರುವುದು ತೆರೆಯ ಫಾಸ್ಫರ್ (ಎಲೆಕ್ಟ್ರಾನ್ ಬಿದ್ದರೆ ಬೆಳಗುವ ಲೇಪ) ಆರುವ ಕೆಲವು ಮಿಲಿಸೆಕೆಂಡ್ ಮಾತ್ರ.

ಇನ್ನು ಮೂಲ ವಿಷಯ. ಬೆಳಕನ್ನು ಅಳೆಯುವ ಮಾನ ಲಕ್ಸ್; ಹುಣ್ಣಿಮೆಯ ಬೆಳಕು ಸುಮಾರು 0.1 ಲಕ್ಸ್. ಬರೀ ನಕ್ಷತ್ರದ ಬೆಳಕು ಸುಮಾರು 0.001. ಮೋಡ ಕವಿದ ಅಮಾವಾಸ್ಯೆಗೆ 0.0001ರ ಹತ್ತಿರ. ಅಂಥ ಹೊತ್ತಲ್ಲಿ ಲೆನ್ಸಿನೊಳಗೆ ಬರುವ ಫೋಟಾನುಗಳೇ (ಬೆಳಕಿನ ಕಣಗಳೇ) ಎಣಿಕೆಯವು. ಫೋಟಾನು ಬಿದ್ದಾಗ ಎಲೆಕ್ಟ್ರಾನ್ ಬಿಡುವ ತೆಳು ಪದರಕ್ಕೆ ಫೋಟೋಕ್ಯಾಥೋಡ್ ಅನ್ನುತ್ತಾರೆ. ಅಲ್ಲಿ ಎಷ್ಟು ಎಲೆಕ್ಟ್ರಾನ್ ಹೊರಟಿತೋ ಅಷ್ಟೇ ಚಿತ್ರ. ಮುಂದೆ ಅದನ್ನು ಸಾವಿರ ಪಟ್ಟು ಮಾಡಿ, ಲಕ್ಷ ಪಟ್ಟು ಮಾಡಿ, ಮೊದಲು ಸಿಗದ ಫೋಟಾನು ಆಮೇಲೆ ಸಿಗುವುದಿಲ್ಲ. ಹಾಗಾಗಿ ಇಡೀ ಬೆಳವಣಿಗೆಯನ್ನು ಎರಡು ಪ್ರಶ್ನೆಗಳಲ್ಲಿ ನೋಡಿ: ಫೋಟೋಕ್ಯಾಥೋಡು ಎಷ್ಟು ಹಿಡಿಯುತ್ತದೆ? ಹಿಡಿದದ್ದರಲ್ಲಿ ದಾರಿಯಲ್ಲಿ ಎಷ್ಟು ಕಳೆದುಹೋಗುತ್ತದೆ?

ಮೊದಲ ಕೊಳವೆ 1934ರಲ್ಲಿ ಫಿಲಿಪ್ಸ್‌ನ ಹೋಲ್ಸ್ಟ್ ಮತ್ತು ಸಂಗಡಿಗರದ್ದು. ಒಂದು ಗಾಜಿನ ಪಾತ್ರೆ, ಒಳಗೆ ಎದುರುಬದುರು ಫೋಟೋಕ್ಯಾಥೋಡು ಮತ್ತು ಫಾಸ್ಫರ್ ತೆರೆ, ನಡುವೆ ಸಾವಿರಾರು ವೋಲ್ಟ್. ಎರಡನೇ ಮಹಾಯುದ್ಧದಲ್ಲಿ ಬಳಸಿದ ಕ್ಯಾಥೋಡು ಎಸ್-1, ಅಂದರೆ ಬೆಳ್ಳಿ, ಆಮ್ಲಜನಕ, ಸೀಸಿಯಂ ಸೇರಿದ್ದು. ಅದು ಅವಕೆಂಪನ್ನು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು) ನೋಡುತ್ತದೆ, ಆದರೆ ನೂರು ಫೋಟಾನಿಗೆ ಒಂದು ಎಲೆಕ್ಟ್ರಾನೂ ಬಿಡುವುದಿಲ್ಲ. ಹಾಗಾಗಿ ದೀಪ ಬೇಕೇ ಬೇಕು. ದೊಡ್ಡ ಬಲ್ಬಿನ ಎದುರು ಕಪ್ಪು ಫಿಲ್ಟರ್ ಇಟ್ಟು ಅವಕೆಂಪು ಮಾತ್ರ ಹೊರಬಿಡುತ್ತಿದ್ದರು. ಜರ್ಮನರ ವ್ಯಾಂಪೈರ್ ಉಪಕರಣದಲ್ಲಿ ದೀಪ ಮತ್ತು ದೂರದರ್ಶಕ ಸೇರಿ 2.25 ಕಿಲೋ, ಬೆನ್ನಿಗೆ ಹೊರುವ ಬ್ಯಾಟರಿ 13.5 ಕಿಲೋ, ಕಾಣುವ ದೂರ ಸುಮಾರು 100 ಮೀಟರ್. ಅಮೆರಿಕನರು 1945ರಲ್ಲಿ ಓಕಿನಾವಾದಲ್ಲಿ ಕಾರ್ಬೈನ್ ಬಂದೂಕಿಗೆ ಹಾಕಿ ಬಳಸಿದ್ದೂ ಇದೇ ಜಾತಿಯದ್ದು.

ಇದರ ದೊಡ್ಡ ದೋಷ ತೂಕ ಅಂತ ಬರೆಯುವವರು ಹೆಚ್ಚು. ಅದಕ್ಕಿಂತ ದೊಡ್ಡದು ದೀಪ. ಎದುರಿನವನ ಹತ್ತಿರ ಅದೇ ಜಾತಿಯ ಕೊಳವೆ ಇದ್ದರೆ ದೀಪ ಹಿಡಿದವನೇ ಅವನಿಗೆ ಮೊದಲು ಕಾಣುತ್ತಾನೆ, ಅದೂ ದೀಪ ಹಿಡಿದವನು ನೋಡಬಲ್ಲ ದೂರಕ್ಕಿಂತ ಎಷ್ಟೋ ದೂರದಿಂದ. ಟಿ-55 ಟ್ಯಾಂಕಿನ ಫಿರಂಗಿ ಪಕ್ಕದ ಲೂನಾ ದೀಪಕ್ಕೂ ಇದೇ ಸಂಕಟ ಇತ್ತು.

ಹೊಳೆಬದಿ, ಅಡೂರು

ಸರ್, ಹಾಗಾದರೆ ದೀಪ ಬಿಟ್ಟು ನೋಡುವುದು ಯಾವಾಗ ಸಾಧ್ಯ ಆಯಿತು? ಎನ್‌ಸಿಸಿ ತರಗತಿಯಲ್ಲಿ "ಸ್ಟಾರ್‌ಲೈಟ್ ಸ್ಕೋಪ್" ಅಂತ ಹೇಳಿದ್ದರು.

ನಿರ್ವಾತ, ಕುಂಬಳೆ

ಅದೇ ಜೆನ್ 1. ಆರ್‌ಸಿಎ ಕಂಪನಿಯ ಸೊಮ್ಮರ್ 1955ರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂ ಮೂರನ್ನೂ ಆಂಟಿಮನಿ ಜೊತೆ ಸೇರಿಸಿದ ಕ್ಯಾಥೋಡನ್ನು ಪ್ರಕಟಿಸಿದ. ಎಸ್-20 ಅಂದರೆ ಅದು. ಎಸ್-1ರ ಸಂವೇದನೆ, ಅಂದರೆ ಬಿದ್ದ ಬೆಳಕಿಗೆ ಹೊರಡುವ ವಿದ್ಯುತ್ತು, ಪ್ರತಿ ಲ್ಯೂಮೆನ್‌ಗೆ 60 ಮೈಕ್ರೋಆಂಪಿಯರ್ ಮುಟ್ಟುವುದೇ ಕಷ್ಟ. ಎಸ್-20 ಸುಮಾರು 200ಕ್ಕೆ ಹೋಯಿತು.

ಅದೂ ಸಾಲದ್ದಕ್ಕೆ ಮೂರು ಕೊಳವೆ ಸಾಲಾಗಿ ಇಟ್ಟರು. ಒಂದರ ತೆರೆಯ ಬೆಳಕು ಮುಂದಿನದರ ಕ್ಯಾಥೋಡಿಗೆ. ಇಲ್ಲಿ ಒಂದು ಸೂಕ್ಷ್ಮ ಉಂಟು. ಸ್ಥಿರವಿದ್ಯುತ್ತಿನ ಮಸೂರದಿಂದ ಎಲೆಕ್ಟ್ರಾನುಗಳನ್ನು ಕೇಂದ್ರೀಕರಿಸಬೇಕಾದರೆ ಕ್ಯಾಥೋಡೂ ತೆರೆಯೂ ಬಾಗಿರಬೇಕು. ಬಾಗಿದ ಎರಡು ಗಾಜನ್ನು ಒಂದಕ್ಕೊಂದು ಅಂಟಿಸುವುದು ಹೇಗೆ? ಒಂದು ಬದಿ ಬಾಗು, ಇನ್ನೊಂದು ಬದಿ ಚಪ್ಪಟೆ ಇರುವ ಫೈಬರ್ ಆಪ್ಟಿಕ್ ಬಿಲ್ಲೆ (ಸಪೂರ ಗಾಜಿನ ಎಳೆಗಳನ್ನು ಒತ್ತಾಗಿ ಸೇರಿಸಿದ್ದು) ಬಂದ ಮೇಲೆ ಮಾತ್ರ ಇದು ಕೂಡಿಬಂತು. ಚಪ್ಪಟೆ ಬದಿಗಳನ್ನು ತಾಗಿಸಿ ಇಟ್ಟರೆ ಬೆಳಕು ಅಕ್ಕಪಕ್ಕಕ್ಕೆ ಹರಡದೆ ನೇರ ದಾಟುತ್ತದೆ. ಇನ್ನೊಂದು ಲಾಭ: ಎದುರಿನ ಲೆನ್ಸು ಚಿತ್ರವನ್ನು ಒಮ್ಮೆ ತಲೆಕೆಳಗೆ ಮಾಡುತ್ತದೆ, ಮೂರು ಕೊಳವೆ ಮೂರು ಸಲ. ಒಟ್ಟು ನಾಲ್ಕು, ಹಾಗಾಗಿ ಚಿತ್ರ ನೆಟ್ಟಗೆ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನರು ಬಳಸಿದ ಪಿವಿಎಸ್-2 ದೂರದರ್ಶಕ ಇದೇ. ತೂಕ ಸುಮಾರು 2.7 ಕಿಲೋ, ತಲೆಗೆ ಕಟ್ಟುವ ಮಾತಿಲ್ಲ, ಬಂದೂಕಿನ ಮೇಲೆ ಕೂರಿಸಬೇಕು, ಇಲ್ಲ ಕೈಯಲ್ಲಿ ಹಿಡಿಯಬೇಕು. ಹಂತಕ್ಕೆ ಸುಮಾರು 15,000 ವೋಲ್ಟ್, ಮೂರೂ ಸೇರಿ 45,000. ದೋಷಗಳು: ಅಂಚಿನಲ್ಲಿ ನೇರ ಗೆರೆ ಬಾಗಿ ಕಾಣುತ್ತದೆ. ಮೂರು ತೆರೆಗಳ ಆರುವ ಸಮಯ ಕೂಡಿ, ಓಡುವ ವಸ್ತುವಿಗೆ ಬಾಲ ಬರುತ್ತದೆ. ಎದುರು ಒಂದು ಫ್ಲೇರ್ (ಆಕಾಶಕ್ಕೆ ಹಾರಿಸುವ ಉರಿದೀಪ) ಹೊತ್ತಿದರೆ ಇಡೀ ತೆರೆ ಬೆಳ್ಳಗಾಗಿ ಏನೂ ಕಾಣುವುದಿಲ್ಲ.

ಗಾಜುಗಣ್ಣು, ಹೊಸೂರು

ಜೆನ್ 2 ಬಗ್ಗೆ ನಾನು ಬರೀತೀನಿ, ಅದರ ಹೃದಯ ಗಾಜಿನ ಕೆಲಸ.

ಮೂರು ಕೊಳವೆ ಮಾಡುತ್ತಿದ್ದ ಕೆಲಸವನ್ನು ಅರ್ಧ ಮಿಲಿಮೀಟರಿಗಿಂತ ತೆಳುವಾದ ಒಂದು ಗಾಜಿನ ಬಿಲ್ಲೆ ಮಾಡಿತು. ಅದೇ ಮೈಕ್ರೋಚಾನೆಲ್ ಪ್ಲೇಟ್, ಎಂಸಿಪಿ. ಬಿಲ್ಲೆ ತುಂಬಾ ಸಣ್ಣ ತೂತುಗಳು, ಒಂದೊಂದರ ವ್ಯಾಸ 6ರಿಂದ 10 ಮೈಕ್ರೋಮೀಟರ್. ತೂತಿನಿಂದ ತೂತಿಗೆ 10 ಮೈಕ್ರೋಮೀಟರ್ ಅಂತ ಹಿಡಿದರೆ 18 ಮಿ.ಮೀ. ಬಿಲ್ಲೆಯಲ್ಲಿ ಸುಮಾರು 30 ಲಕ್ಷ ತೂತು. ಎರಡು ಮುಖಗಳ ನಡುವೆ ಸುಮಾರು 800 ವೋಲ್ಟ್. ಒಂದು ಎಲೆಕ್ಟ್ರಾನ್ ತೂತಿನ ಗೋಡೆಗೆ ಬಡಿದರೆ ಎರಡು ಮೂರು ಹೊರಡುತ್ತವೆ, ಅವು ಮತ್ತೆ ಬಡಿದು ಇನ್ನಷ್ಟು. ಆಚೆ ಬದಿಗೆ ಬರುವಷ್ಟರಲ್ಲಿ ನೂರಾರು, ಸಾವಿರ.

ಮಾಡುವ ಕ್ರಮ ಕೇಳಿ. ಸೀಸ ಬೆರೆತ ಗಾಜಿನ ಕೊಳವೆಯೊಳಗೆ ಆಮ್ಲದಲ್ಲಿ ಕರಗುವ ಇನ್ನೊಂದು ಗಾಜಿನ ಸರಳು ತೂರಿಸುತ್ತಾರೆ. ಕಾಯಿಸಿ ಎಳೆದು ಕೂದಲಿನ ಹಾಗೆ ಮಾಡುತ್ತಾರೆ. ಆ ಎಳೆಗಳನ್ನು ಆರು ಮೂಲೆಯ ಕಟ್ಟಾಗಿ ಜೋಡಿಸಿ ಮತ್ತೆ ಕಾಯಿಸಿ ಎಳೆಯುತ್ತಾರೆ. ಈ ಕಟ್ಟುಗಳನ್ನು ಒತ್ತಟ್ಟಿಗೆ ಸೇರಿಸಿ ಕರಗಿಸಿ ಒಂದು ದಿಮ್ಮಿ ಮಾಡಿ, ನೇರಕ್ಕೆ ಕೊಯ್ಯದೆ 5ರಿಂದ 8 ಡಿಗ್ರಿ ಓರೆಯಾಗಿ ಬಿಲ್ಲೆ ಕೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ ಆಮ್ಲದಲ್ಲಿ ಅದ್ದಿದರೆ ಒಳಗಿನ ಸರಳು ಕರಗಿ ತೂತು ಉಳಿಯುತ್ತದೆ. ಆಮೇಲೆ ಹೈಡ್ರೋಜನ್ ತುಂಬಿದ ಒಲೆಯಲ್ಲಿ ಸುಟ್ಟಾಗ ಗೋಡೆಯ ಸೀಸದ ಆಕ್ಸೈಡ್ ತನ್ನ ಆಮ್ಲಜನಕ ಕಳೆದುಕೊಂಡು, ಅಲ್ಪಸ್ವಲ್ಪ ವಿದ್ಯುತ್ ಹರಿಯುವ ಪದರ ಬರುತ್ತದೆ. ಕೊನೆಗೆ ಎರಡೂ ಮುಖಕ್ಕೆ ನೈಕ್ರೋಮ್ ಲೇಪ.

ಓರೆ ಯಾಕೆ ಅಂದರೆ, ನೆಟ್ಟಗಿದ್ದರೆ ಎಲೆಕ್ಟ್ರಾನ್ ಗೋಡೆಗೆ ಬಡಿಯದೆ ಹಾಗೇ ದಾಟಿಬಿಡಬಹುದು. ಇನ್ನೊಂದು ಕಾರಣ ಅಯಾನು. ಅದು ಜೆನ್ 3ರಲ್ಲಿ ದೊಡ್ಡ ತಲೆನೋವಾಗುತ್ತೆ, ನಿರ್ವಾತ ಅವರು ಹೇಳಲಿ.

ಎಂಸಿಪಿಯಿಂದ ಇನ್ನೊಂದು ಅನುಕೂಲವಾಯಿತು. ಫ್ಲೇರ್ ಹೊತ್ತಿದಾಗ ಆ ಜಾಗದ ತೂತುಗಳು ಮಾತ್ರ ದಣಿಯುತ್ತವೆ, ಗೋಡೆಯ ವಿದ್ಯುತ್ ಅಷ್ಟು ಬೇಗ ತುಂಬುವುದಿಲ್ಲ. ಪಕ್ಕದ ಚಿತ್ರ ಉಳಿಯುತ್ತದೆ. ಜೆನ್ 1ರ ಹಾಗೆ ಇಡೀ ತೆರೆ ಹೋಗಲ್ಲ.

ಕೊಳವೆ ಗಿಡ್ಡವಾದ್ದರಿಂದ ಕನ್ನಡಕ ತಲೆಗೆ ಏರಿತು. 1970ರ ದಶಕದ ಪಿವಿಎಸ್-5 ಎರಡು ಕೊಳವೆಯದು, ಆದರೆ ಮುಖವನ್ನೆಲ್ಲ ಮುಚ್ಚುವ ಮುಖವಾಡ. ಹೆಲಿಕಾಪ್ಟರ್ ಪೈಲಟ್‌ಗಳಿಗೆ ಕೆಳಗಿನ ಮೀಟರುಗಳು ಕಾಣದೆ ಆ ಮುಖವಾಡದ ಕೆಳಭಾಗ ಕತ್ತರಿಸಿ ಬಳಸಬೇಕಾಯಿತು. ಮೊದಲಿಂದಲೇ ಪೈಲಟ್‌ಗಾಗಿ ರೂಪಿಸಿದ ಎವಿಎಸ್-6 ಬಂದದ್ದು ಇದರ ನಂತರ.

ಅಡಿಕೆತೋಟ, ಬದಿಯಡ್ಕ

ಎಳೆ, ಕಟ್ಟು, ಕಟ್ಟುಗಳ ಕಟ್ಟು. ಹಿಡಿಸೂಡಿಗಳನ್ನು ಒತ್ತಾಗಿ ಸೇರಿಸಿ ಕಟ್ಟಿ ಅಡ್ಡ ಕೊಯ್ದ ಹಾಗೆ, ಸರಿಯಾ? ಹಾಗಾದರೆ ಕಟ್ಟಿಗೂ ಕಟ್ಟಿಗೂ ನಡುವಿನ ಗೆರೆ ಚಿತ್ರದಲ್ಲಿ ಕಾಣುವುದಿಲ್ಲವಾ?

ಗಡಿಕಾವಲು, ಅಕ್ಕಲಕೋಟೆ

ಕಾಣ್ತದ್ರಿ. ಭಾಳ ಛಲೋ ಪ್ರಶ್ನಿ ಕೇಳೀರಿ. ತೆರೀ ಮ್ಯಾಲ ಕಾಣೋ ಕಲೆಗಳೊಳಗ ಯಾವುದು ಎಲ್ಲಿಂದ ಬಂತು ಅಂತ ತಿಳಕೊಂಡ್ರ ಕೊಳವಿ ಆರೋಗ್ಯ ತಿಳೀತದ.

ಬೆಳಕು ಹೆಚ್ಚಿದ್ದಾಗ ಮಾತ್ರ ಮಸುಕಾಗಿ ಆರು ಮೂಲಿ ಜಾಲ ಕಂಡ್ರ ಅದು ಎಂಸಿಪಿ ಕಟ್ಟಿನ ಗೆರಿ. ಜೇನುಗೂಡು ಅಂತಾರ. ಕತ್ತಲಾದ ಕೂಡ್ಲೆ ಮಾಯ ಆದ್ರ ಚಿಂತಿ ಇಲ್ಲ.

ಕಪ್ಪಗ, ಖಡಕ್ ಅಂಚಿನ ಮುರಿದ ಗೆರಿಗಳು ಇದ್ರ ಅದು ಫೈಬರ್ ಬಿಲ್ಲಿಯೊಳಗ ಎಳೆ ಮುರಿದದ್ದು. ಕೋಳಿಗೂಡಿನ ತಂತಿಬಲೆ (ಚಿಕನ್ ವೈರ್) ಅಂತ ಹೆಸರು. ಹುಟ್ಟಿನಿಂದ ಇದ್ರ ಇರಲಿ, ಹೊಸದಾಗಿ ಬಂದ್ರ ಉಪಕರಣ ಬಿದ್ದು ಪೆಟ್ಟು ತಿಂದದ ಅಂತ ಅರ್ಥ.

ಕಪ್ಪು ಚುಕ್ಕಿ ಜಾಗ ಬದಲಿಸ್ತದೋ ಇಲ್ಲೋ ನೋಡ್ರಿ. ಎದುರಿನ ಲೆನ್ಸು ತಿರುಗಿಸಿದಾಗ ತಾನೂ ತಿರುಗಿದ್ರ ಲೆನ್ಸಿನ ಧೂಳು, ಒರೆಸಿದ್ರ ಹೋಗ್ತದ. ಅಲ್ಲಾಡದಿದ್ರ ಕೊಳವಿ ಒಳಗಿಂದು. ನಡುವಿನ ಭಾಗದೊಳಗ ದೊಡ್ಡ ಚುಕ್ಕಿ ಇದ್ರ ತಿರಸ್ಕರಿಸ್ತಾರ, ಅಂಚಿಗೆ ಸಣ್ಣವು ಇದ್ರ ನಡೀತದ.

ಮಿಣಮಿಣ ಅಂತ ಕುಣಿಯೋ ಕಾಳು ಕತ್ತಲಾಗಿದ್ದಾಗ ಸಹಜ, ಅದು ಫೋಟಾನು ಕಡಿಮಿ ಅದಾವ ಅನ್ನೋ ಗುರುತು. ಆದ್ರ ಮುಚ್ಚಳ ಹಾಕಿದಾಗಲೂ ಒಂದೇ ಜಾಗದೊಳಗ ಉರಿಯೋ ಪ್ರಕಾಶದ ಚುಕ್ಕಿ ಇದ್ರ ಅದು ಕೆಟ್ಟದ್ದು. ಕ್ಯಾಥೋಡಿನ ಮ್ಯಾಲ ಒಂದು ಮೊನೆ ತಾನಾಗೇ ಎಲೆಕ್ಟ್ರಾನ್ ಕಾರಲಿಕ್ಹತ್ತದ. ದಿನಾ ಬೆಳೀತದ. ಹಂಗೇ ಒಂದು ಬದಿಗೆ ಅರ್ಧಚಂದ್ರದ ಹಂಗ ಕಪ್ಪು ನೆರಳು ಒಳಗ ಸರಿಯಲಿಕ್ಹತ್ತಿದ್ರ ನಿರ್ವಾತ ಕೆಡಲಿಕ್ಹತ್ತದ, ಆ ಕೊಳವಿ ರಿಪೇರಿ ಆಗಂಗಿಲ್ರಿ.

ನಿರ್ವಾತ, ಕುಂಬಳೆ

ಅಕ್ಕಲಕೋಟೆಯವರು ಬರೆದದ್ದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಈಗ ಜೆನ್ 3.

ಇಲ್ಲಿ ಬದಲಾದ ಮುಖ್ಯ ಭಾಗ ಫೋಟೋಕ್ಯಾಥೋಡು. 1965ರಲ್ಲಿ ಫಿಲಿಪ್ಸ್‌ನ ಶೇರ್ ಮತ್ತು ವಾನ್ ಲಾರ್ ಒಂದು ವಿಷಯ ತೋರಿಸಿಕೊಟ್ಟರು. ಗ್ಯಾಲಿಯಂ ಆರ್ಸೆನೈಡ್ ಹರಳಿನ ಮೇಲ್ಮೈಗೆ ಸೀಸಿಯಂ ಕೂರಿಸಿದರೆ ಒಳಗೆ ಸಡಿಲವಾದ ಎಲೆಕ್ಟ್ರಾನ್ ತಡೆಯಿಲ್ಲದೆ ಹೊರಗೆ ಜಾರುತ್ತದೆ. ಸೀಸಿಯಂ ಜೊತೆ ಆಮ್ಲಜನಕವೂ ಸೇರಿದರೆ ಇನ್ನೂ ಒಳ್ಳೆಯದು. ಜೆನ್ 2ರ ಎಸ್-25 ಕ್ಯಾಥೋಡು ಆರಂಭದಲ್ಲಿ ಲ್ಯೂಮೆನ್‌ಗೆ 250-350 ಮೈಕ್ರೋಆಂಪಿಯರ್ ಕೊಡುತ್ತಿತ್ತು. ಗ್ಯಾಲಿಯಂ ಆರ್ಸೆನೈಡ್ 800ರಿಂದ ಶುರುವಾಗಿ 1,800 ದಾಟಿತು. ಹೆಚ್ಚು ಮುಖ್ಯ ಎಂತ ಅಂದರೆ ಅವಕೆಂಪಿನಲ್ಲಿ 900 ನ್ಯಾನೋಮೀಟರ್ ಅಲೆಯುದ್ದದ ಹತ್ತಿರದವರೆಗೆ ಅದು ಗಟ್ಟಿಯಾಗಿ ಕೆಲಸ ಮಾಡುತ್ತದೆ. ರಾತ್ರಿಯ ಆಕಾಶದಲ್ಲಿ ಕಣ್ಣಿಗೆ ಕಾಣುವ ಬೆಳಕಿಗಿಂತ ಆ ಭಾಗದ ಫೋಟಾನುಗಳೇ ಹೆಚ್ಚು.

ಆದರೆ ಆ ಸೀಸಿಯಂ ಪದರ ಹೆಚ್ಚುಕಡಿಮೆ ಒಂದು ಪರಮಾಣುವಿನ ದಪ್ಪ. ಎಂಸಿಪಿ ತೂತುಗಳಲ್ಲಿ ಉಳಿದ ಅನಿಲದ ಅಣುಗಳಿಗೆ ಎಲೆಕ್ಟ್ರಾನ್ ಬಡಿದರೆ ಧನ ಅಯಾನು ಆಗುತ್ತದೆ. ಅದು ಹಿಂದಕ್ಕೆ ಹಾರಿ ನೇರ ಕ್ಯಾಥೋಡಿಗೆ ಬಡಿಯುತ್ತದೆ. ಎಸ್-25 ಇದನ್ನು ತಾಳಿಕೊಳ್ಳುತ್ತದೆ, ಗ್ಯಾಲಿಯಂ ಆರ್ಸೆನೈಡ್ ತಾಳುವುದಿಲ್ಲ, ಬೇಗ ಸಾಯುತ್ತದೆ. ಹಾಗಾಗಿ ಎಂಸಿಪಿಯ ಎದುರು ಮುಖಕ್ಕೆ ಅಲ್ಯುಮಿನಿಯಂ ಆಕ್ಸೈಡಿನ ಅತಿ ತೆಳು ಪೊರೆ ಹಾಕಿದರು. ಆಯುಷ್ಯ 10,000 ಗಂಟೆಗೆ ಏರಿತು.

ಪೊರೆಗೆ ಬೆಲೆ ಕೊಡಬೇಕಾಯಿತು. ಹಿಡಿದ ಎಲೆಕ್ಟ್ರಾನುಗಳಲ್ಲಿ ಒಂದು ಪಾಲು ಪೊರೆಯಲ್ಲೇ ನಿಲ್ಲುತ್ತದೆ. ದಾಟಿಸಲಿಕ್ಕೆ ಕ್ಯಾಥೋಡು ಮತ್ತು ಎಂಸಿಪಿ ನಡುವೆ ಜೆನ್ 2ರಲ್ಲಿ 200 ವೋಲ್ಟ್ ಸಾಕಿದ್ದದ್ದು ಇಲ್ಲಿ 800ರ ಆಸುಪಾಸು ಬೇಕು. ಮುಂದೆ ಪೊರೆಯನ್ನು ತೆಳು ಮಾಡಿದರು, ಕೆಲವರು ಪೂರ್ತಿ ತೆಗೆದರು. ಪೊರೆಯಿಲ್ಲದ್ದಕ್ಕೆ ಸ್ವಲ್ಪ ಕಾಲ "ಜೆನ್ 4" ಅಂತ ಹೆಸರಿತ್ತು, ಅಮೆರಿಕದ ಸೇನೆಯೇ ಆ ಹೆಸರನ್ನು ಹಿಂತೆಗೆದುಕೊಂಡಿತು. ಈಗ ಮಾರುವವರು ಜೆನ್ 4 ಅಂದರೆ ನಂಬಬೇಡಿ, ಕೊಳವೆಯ ಪರೀಕ್ಷೆಯ ಅಂಕಿಗಳಿರುವ ಹಾಳೆ ಕೇಳಿ.

ದೀಪದ ಸುತ್ತ ಕಾಣುವ ಪ್ರಭೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಅದಕ್ಕೆ ಸೊಗಸಾದ ಲೆಕ್ಕ ಉಂಟು. ಎಂಸಿಪಿಯಲ್ಲಿ ತೂತಿಲ್ಲದ ಜಾಗಕ್ಕೆ ಬಡಿದ ಎಲೆಕ್ಟ್ರಾನ್ ಪುಟಿದು ಮೇಲೆ ಹಾರಿ, ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿ ಮತ್ತೆ ಬೇರೆ ಕಡೆ ಬೀಳುತ್ತದೆ. 45 ಡಿಗ್ರಿಯಲ್ಲಿ ಪುಟಿದರೆ ಅತಿ ದೂರ, ಅಂದರೆ ಕ್ಯಾಥೋಡು-ಎಂಸಿಪಿ ಅಂತರದ ಎರಡು ಪಟ್ಟು. ಹಾಗಾಗಿ ಪ್ರಭೆಯ ವ್ಯಾಸ ಅಂತರದ ನಾಲ್ಕು ಪಟ್ಟು. ವೋಲ್ಟೇಜ್ ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಈ ವ್ಯಾಸ ಅಷ್ಟೇ. ಅಂತರ 0.25 ಮಿ.ಮೀ. ಇದ್ದರೆ 1 ಮಿ.ಮೀ. ಪ್ರಭೆ. ಕಡಿಮೆ ಮಾಡಬೇಕಾದರೆ ಅಂತರವನ್ನೇ ಕಿರಿದು ಮಾಡಬೇಕು, ಆಗ ಒಳಗೆ ಒಂದು ಧೂಳಿನ ಕಣ ಇದ್ದರೂ ಕಿಡಿ ಹಾರುತ್ತದೆ. ಕೊಳವೆ ಜೋಡಿಸುವ ಕೋಣೆಯ ಶುಚಿತ್ವಕ್ಕೆ ಅಷ್ಟು ಖರ್ಚು ಇದಕ್ಕೇ.

ಫಾಸ್ಫರ್, ಮಂಜೇಶ್ವರ

ನಿರ್ವಾತ ಅವರೇ, ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಜೆನ್ 2 ಹಳತು, ಜೆನ್ 3 ಹೊಸತು ಎಂಬ ಏಣಿಯ ಲೆಕ್ಕ ಅಮೆರಿಕದ್ದು. ಯುರೋಪಿನಲ್ಲಿ ಫೋಟೋನಿಸ್ ಕಂಪನಿಯವರು ಪೊರೆಯ ಗೋಜಿಗೇ ಹೋಗದೆ ಬಹುಕ್ಷಾರ ಕ್ಯಾಥೋಡನ್ನೇ (ಎಸ್-20, ಎಸ್-25 ಜಾತಿಯದ್ದು) ತಿದ್ದುತ್ತಾ ಬಂದರು. ಎಕ್ಸ್‌ಡಿ-4, ಎಕ್ಸ್‌ಆರ್5, 4ಜಿ ಎಲ್ಲ ಆ ಸಾಲಿನವು. ಹಿಡಿಯುವ ಎಲೆಕ್ಟ್ರಾನ್ ಸ್ವಲ್ಪ ಕಡಿಮೆ, ಆದರೆ ದಾರಿಯಲ್ಲಿ ಪೊರೆಗೆ ಕೊಡುವ ಸುಂಕ ಇಲ್ಲ. ನೀವೇ ಹೇಳಿದ ಎರಡು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಅವರ ಉತ್ತರ ಒಳ್ಳೆಯದು.

ನೋಡಬೇಕಾದದ್ದು ಎಫ್‌ಒಎಂ (ಫಿಗರ್ ಆಫ್ ಮೆರಿಟ್, ಅಂದರೆ ಯೋಗ್ಯತೆಯ ಅಂಕ). ಪ್ರತಿ ಮಿಲಿಮೀಟರಿಗೆ ಎಷ್ಟು ಜೋಡಿ ಗೆರೆ (ಒಂದು ಕಪ್ಪು, ಒಂದು ಬಿಳಿ) ಬಿಡಿಸುತ್ತದೆ ಎಂಬುದನ್ನು ಸಂಕೇತ-ಗದ್ದಲದ ಅನುಪಾತದಿಂದ ಗುಣಿಸಿದರೆ ಅದು ಸಿಗುತ್ತದೆ. 64 ಜೋಡಿ, ಅನುಪಾತ 28 ಇದ್ದರೆ 1,792. ಅಮೆರಿಕ ಯಾವ ದೇಶಕ್ಕೆ ಯಾವ ಕೊಳವೆ ಕೊಡಬಹುದು ಎಂದು ತೂಗುವುದೂ ಇದರಿಂದ. ಅಲ್ಲಿ ರಫ್ತು ನಿಯಮ ಎಷ್ಟು ಬಿಗಿ ಎಂದರೆ ರಾತ್ರಿ ದೃಷ್ಟಿಯ ಮಾಹಿತಿ ಹೊರದೇಶಕ್ಕೆ ಕೊಟ್ಟದ್ದಕ್ಕೆ ಐಟಿಟಿ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡು 10 ಕೋಟಿ ಡಾಲರ್ ದಂಡಕ್ಕೆ ಒಳಗಾಯಿತು.

ಆದರೆ ಒಂದೇ ಅಂಕಿ ನೋಡಿ ಮರುಳಾಗಬೇಡಿ. ಕತ್ತಲು ದಟ್ಟ ಇರುವಲ್ಲಿ ಅನುಪಾತ ಮುಖ್ಯ, ಚಂದ್ರ ಇರುವಲ್ಲಿ ಗೆರೆ ಮುಖ್ಯ. 72 ಗುಣಿಸು 25 ಮತ್ತು 60 ಗುಣಿಸು 30 ಎರಡೂ 1,800. ಅಡಿಕೆ ತೋಟದೊಳಗೆ ಎರಡನೆಯದು ಗೆಲ್ಲುತ್ತದೆ.

ನಮ್ಮ ದೇಶದ ಕೊಳವೆಗಳಿಗೂ ಈ ಯುರೋಪಿನ ದಾರಿಗೂ ಸಂಬಂಧ ಉಂಟು. ಪುಣೆಯ ಬಿಇಎಲ್ ಆಪ್ಟ್ರಾನಿಕ್ ಡಿವೈಸಸ್ 1990ರಲ್ಲಿ ಡಚ್ಚರ ಡೆಲ್ಫ್ಟ್ ಇನ್‌ಸ್ಟ್ರುಮೆಂಟ್ಸ್ ಜೊತೆಗೂಡಿ ಹುಟ್ಟಿದ್ದು, ಕೊಳವೆ ಮಾಡಲಿಕ್ಕೇ. ಕನ್ನಡಕವಾಗಿ ಜೋಡಣೆ ಮಾಡುವುದು ಮಚಲೀಪಟ್ಟಣದ ಬಿಇಎಲ್ ಘಟಕ. ವಿನ್ಯಾಸದ ಕೆಲಸ ಡೆಹ್ರಾಡೂನಿನ ಐಆರ್‌ಡಿಇ ಪ್ರಯೋಗಾಲಯದ್ದು.

ನಿರ್ವಾತ, ಕುಂಬಳೆ

ಒಪ್ಪಿದೆ ಮಾರಾಯ್ರೆ. 0.001 ಲಕ್ಸ್‌ಗಿಂತ ಕೆಳಗೆ ಹೋದಾಗ ಮಾತ್ರ ಗ್ಯಾಲಿಯಂ ಆರ್ಸೆನೈಡ್ ಮುಂದೆ ಅನ್ನುವುದನ್ನು ನಾನು ಬಿಡುವುದಿಲ್ಲ. ಅದಕ್ಕಿಂತ ಮೇಲೆ ನೀವು ಹೇಳಿದ್ದೇ ಸರಿ.

ಕಾಡಂಚು, ತಾಳವಾಡಿ

ನಮ್ಮ ಕಡೆ ರಾತ್ರಿ ಹೊಲಕ್ಕೆ ಆನೆ ಇಳಿಯುತ್ತವೆ. ಕಾವಲಿಗೆ ಇಂಥ ಕನ್ನಡಕ ಉಪಯೋಗ ಆಗುತ್ತಾ ಅಣ್ಣ? ಇಲ್ಲ ಶಾಖ ನೋಡುವ ಕ್ಯಾಮೆರಾನೇ ಬೇಕಾ?

ಗಾಜುಗಣ್ಣು, ಹೊಸೂರು

ಆನೆ ಇದೆಯಾ ಇಲ್ಲವಾ ಎಂದು ಪತ್ತೆ ಹಚ್ಚಲು ಶಾಖದ ಕ್ಯಾಮೆರಾ. ದಾರಿ ನೋಡಿಕೊಂಡು ನಡೆಯಲು ಕೊಳವೆ.

ಕಾರಣ ಹೇಳ್ತೀನಿ. ಹಸಿರೆಲೆ ಅವಕೆಂಪನ್ನು ಜೋರಾಗಿ ಪ್ರತಿಫಲಿಸುತ್ತದೆ. ಕೊಳವೆಯಲ್ಲಿ ಗಿಡಗಳೆಲ್ಲ ಬೆಳ್ಳಗೆ ಹೊಳೆಯುತ್ತವೆ, ಅದರ ಹಿಂದೆ ನಿಂತ ಆನೆ ಮಸುಕು ನೆರಳು. ಶಾಖದ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರೋಮೀಟರ್ ಅಲೆಯನ್ನು. ಅಲ್ಲಿ ಆನೆಯ ಮೈಯೇ ದೀಪ, ಚಂದ್ರ ಬೇಕಿಲ್ಲ. ಆದರೆ ಅದರಲ್ಲಿ ಮುಳ್ಳುತಂತಿ, ಸಣ್ಣ ಹೊಂಡ, ನೆಲಕ್ಕೆ ಬಿದ್ದ ಕೊಂಬೆ ಸರಿಯಾಗಿ ತಿಳಿಯಲ್ಲ, ಎಲ್ಲ ಒಂದೇ ಬಿಸಿ. ಜೋರು ಮಳೆಯಲ್ಲಿ ಮೇಲ್ಮೈಗಳೆಲ್ಲ ಒಂದೇ ತಣ್ಣಗಾಗಿ ಚಿತ್ರ ಚಪ್ಪಟೆಯಾಗುತ್ತದೆ. ಮಾಮೂಲು ಗಾಜಿನ ಆಚೆ ಅದು ಏನನ್ನೂ ನೋಡಲ್ಲ, ಆದ್ದರಿಂದಲೇ ಅದರ ಲೆನ್ಸು ಜರ್ಮೇನಿಯಂ. ಜೀಪಿನ ಒಳಗೆ ಕೂತು ಕಿಟಕಿ ಗಾಜಿನಿಂದ ನೋಡುತ್ತೀನಿ ಅಂದರೆ ಆಗಲ್ಲ.

ಸೇನೆಯವರು ಎರಡನ್ನೂ ಒಂದೇ ಕಣ್ಣಿಗೆ ಕೊಡಲು ಹೊರಟದ್ದು ಇದಕ್ಕೇ. ಅಮೆರಿಕದ ಪಿಎಸ್‌ಕ್ಯು-20 ಕನ್ನಡಕದಲ್ಲಿ ಕೊಳವೆಯ ಚಿತ್ರದ ಮೇಲೆ ಶಾಖದ ಚಿತ್ರ ಹೊದಿಸುತ್ತಾರೆ.

ಅವಕೆಂಪು ಟಾರ್ಚ್ ತಗೊಳ್ಳುವುದಾದರೆ ಒಂದು ಎಚ್ಚರಿಕೆ. 850 ನ್ಯಾನೋಮೀಟರ್ ಟಾರ್ಚು ಹತ್ತಿರದಿಂದ ಮಂಕು ಕೆಂಪಾಗಿ ಕಾಣುತ್ತದೆ, ಕೊಳವೆಗೂ ಕ್ಯಾಮೆರಾಕ್ಕೂ ಹೊಂದುತ್ತದೆ. 940 ಬರಿಗಣ್ಣಿಗೆ ಕಾಣುವುದೇ ಇಲ್ಲ ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ, ಡಿಜಿಟಲ್ ಕ್ಯಾಮೆರಾಕ್ಕೆ ಸರಿ. ಜೆನ್ 3 ಕೊಳವೆಗೆ ಅದು ದಂಡ. 900 ದಾಟಿದರೆ ಗ್ಯಾಲಿಯಂ ಆರ್ಸೆನೈಡ್ ಕಣ್ಣು ಮುಚ್ಚುತ್ತದೆ.

ನಿರ್ವಾಹಕ

ಕಾವಲು ಮತ್ತು ಬೇಟೆ ಬೇರೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬಂದೂಕಿಗೆ ಜೋಡಿಸುವ ಪ್ರಶ್ನೆಗಳನ್ನು ಇಲ್ಲಿ ಹಾಕಬೇಡಿ. ಕೊಳವೆಗಳು ನಮ್ಮಲ್ಲೂ ಸ್ಕೋಮೆಟ್ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಹೊರದೇಶದಿಂದ ತರಿಸುವ ಮೊದಲು ಪರವಾನಗಿಯ ವಿಷಯ ವಿಚಾರಿಸಿ.

ಹೊಳೆಬದಿ, ಅಡೂರು

ಕನ್ನಡಕದಲ್ಲಿ ಕಾಣುವ ಅಗಲ 40 ಡಿಗ್ರಿ ಮಾತ್ರ ಅಂತ ಓದಿದೆ. ದೊಡ್ಡ ಲೆನ್ಸು ಹಾಕಿ ಅಗಲ ಮಾಡಬಾರದಾ? ಮತ್ತೆ ಹಸಿರು ಬಣ್ಣ ಎಂತಕ್ಕೆ?

ಫಾಸ್ಫರ್, ಮಂಜೇಶ್ವರ

ಲೆಕ್ಕ ಹಾಕುವ. 18 ಮಿ.ಮೀ. ಕೊಳವೆ, ಮಿಲಿಮೀಟರಿಗೆ 64 ಜೋಡಿ ಗೆರೆ. ಅಡ್ಡಕ್ಕೆ 1,152 ಜೋಡಿ. 40 ಡಿಗ್ರಿಗೆ ಹಂಚಿದರೆ ಡಿಗ್ರಿಗೆ ಸುಮಾರು 29. ಹಗಲಲ್ಲಿ 6/6 ಇರುವ ಕಣ್ಣು ಡಿಗ್ರಿಗೆ 30 ಜೋಡಿ ಬಿಡಿಸುತ್ತದೆ. ಅಂದರೆ 40 ಡಿಗ್ರಿಗೆ ಕೊಳವೆ ಕಣ್ಣಿಗೆ ಹೆಚ್ಚುಕಡಿಮೆ ಸಮ. ಅದೇ ಕೊಳವೆಯನ್ನು 80 ಡಿಗ್ರಿಗೆ ಹರಡಿದರೆ ಸ್ಪಷ್ಟತೆ ಅರ್ಧ. ಅಗಲ ಬೇಕಾದರೆ ಕೊಳವೆ ಹೆಚ್ಚಿಸಬೇಕು. ನಾಲ್ಕು ಕೊಳವೆಯ ಜಿಪಿಎನ್‌ವಿಜಿ-18 97 ಡಿಗ್ರಿ ಕೊಡುವುದು ಹಾಗೆ, ಬೆಲೆಯೂ ತೂಕವೂ ಅದಕ್ಕೆ ತಕ್ಕಂತೆ.

ಹಸಿರಿಗೆ ಕಾರಣ, ನಮ್ಮ ಕಣ್ಣು 555 ನ್ಯಾನೋಮೀಟರ್ ಹತ್ತಿರ ಅತಿ ಚುರುಕು. ಪಿ-43 ಫಾಸ್ಫರ್ 545ರಲ್ಲಿ ಬೆಳಗುತ್ತದೆ, ಕಡಿಮೆ ಶಕ್ತಿಗೆ ಹೆಚ್ಚು ಹೊಳಪು. ಈಗ ಪಿ-45 ಬಿಳಿ ತೆರೆ ಹೆಚ್ಚು ಕೇಳುತ್ತಾರೆ. ತಾಸುಗಟ್ಟಲೆ ನೋಡುವವರಿಗೆ ಅದು ಹಿತ ಎನ್ನುತ್ತಾರೆ. ತೆರೆಯ ಬಣ್ಣ ಬದಲಾದರೆ ಕ್ಯಾಥೋಡು ಹಿಡಿಯುವುದು ಒಂದು ಫೋಟಾನೂ ಹೆಚ್ಚಾಗುವುದಿಲ್ಲ.

ಪೈಲಟ್‌ಗಳ ಕನ್ನಡಕದಲ್ಲಿ ಇನ್ನೊಂದು ಸೇರಿಕೆ ಉಂಟು. ಕಾಕ್‌ಪಿಟ್ಟಿನ ದೀಪಗಳು ಕೊಳವೆಯನ್ನು ಕುರುಡು ಮಾಡಬಾರದಲ್ಲ. ಲೆನ್ಸಿಗೆ 625 ನ್ಯಾನೋಮೀಟರ್ ಕೆಳಗಿನದನ್ನು ತಡೆಯುವ ಎ ದರ್ಜೆ ಫಿಲ್ಟರ್ ಅಥವಾ 665 ಕೆಳಗಿನದನ್ನು ತಡೆಯುವ ಬಿ ದರ್ಜೆ ಫಿಲ್ಟರ್ ಹಾಕುತ್ತಾರೆ, ಮೀಟರುಗಳಿಗೆ ನೀಲಿ-ಹಸಿರು ದೀಪ ಕೊಡುತ್ತಾರೆ. ಪೈಲಟ್ ಮೀಟರನ್ನು ಕನ್ನಡಕದ ಕೆಳಗಿನಿಂದ ಬರಿಗಣ್ಣಲ್ಲೇ ಓದುತ್ತಾನೆ.

ಹೊಳೆಬದಿ, ಅಡೂರು

ಕೊನೆಗೊಂದು ಕೇಳುತ್ತೇನೆ ಸರ್. ಕೈಗೆ ಒಂದು ಸಿಕ್ಕಿದರೆ ಸರಿಯಾಗಿ ಹೊಂದಿಸುವ ಕ್ರಮ ಹೇಳ್ತೀರಾ?

ಗಡಿಕಾವಲು, ಅಕ್ಕಲಕೋಟೆ

ಹೇಳ್ತೀನಿ ತಮ್ಮಾ. ಮುಚ್ಚಳ ಹಾಕಿದ್ದಾಗಲೇ ಬ್ಯಾಟರಿ ಹಾಕು, ಧನ ಋಣ ನೋಡಿ. ಒಂದು ಕಣ್ಣಿನ ಪಿವಿಎಸ್-14ಕ್ಕ ಒಂದೇ ಎಎ ಸೆಲ್ ಸಾಕು. ಲಡಾಖದಂಥ ಥಂಡಿಯೊಳಗ ಅಲ್ಕಲೈನ್ ಸೆಲ್ ಲಗೂನ ಕೈ ಕೊಡ್ತದ, ಲಿಥಿಯಂ ಹಾಕಬೇಕು. ಹಗಲಿನಾಗ ಪರೀಕ್ಷೆ ಮಾಡಬೇಕಂದ್ರ ನಡುವ ಸೂಜಿತೂತು ಇರೋ ಮುಚ್ಚಳ ತೆಗೀಬ್ಯಾಡ. ತೆಗೆದು ಚಾಲೂ ಮಾಡಿದ್ರ ಕ್ಯಾಥೋಡಿನ ಆಯುಷ್ಯ ತಿಂತೀ.

ಕತ್ತಲೊಳಗ ಚಾಲೂ ಮಾಡಿ ಮೊದ್ಲ ಕಣ್ಣಿನ ಬದಿ ಡಯಾಪ್ಟರ್ (ನಿನ್ನ ಕಣ್ಣಿನ ನಂಬರಿಗೆ ತಕ್ಕಂಗ ತಿರುಗಿಸೋ ಉಂಗುರ) ಹೊಂದಿಸು. ದೃಶ್ಯ ನೋಡಬ್ಯಾಡ, ತೆರೀ ಮ್ಯಾಲಿನ ಮಿಣಮಿಣ ಕಾಳು ನೋಡು. ಉಂಗುರಾನ ಪೂರ್ತಿ ಪ್ಲಸ್ ಕಡೆ ತಿರುಗಿಸಿ, ಅಲ್ಲಿಂದ ಮೈನಸ್ ಕಡೆ ಸಾವಕಾಶ ಬಾ. ಕಾಳು ಮೊದಲ ಸಲ ಚೊಕ್ಕ ಆದ ಜಾಗದೊಳಗ ನಿಲ್ಲು. ಇನ್ನೂ ಮುಂದ ಹೋದ್ರೂ ಚೊಕ್ಕನ ಕಾಣ್ತದ, ಆದ್ರ ಕಣ್ಣು ಜಗ್ಗಿ ಹಿಡಿದಿರ್ತದ. ಒಂದು ತಾಸಿನೊಳಗ ತಲಿನೋವು ಬರ್ತದ. ಭಾಳ ಮಂದಿ ತಪ್ಪೋದು ಇಲ್ಲೇ.

ಆಮ್ಯಾಲ ಎದುರಿನ ಲೆನ್ಸು. ಆಕಾಶದಾಗಿನ ಒಂದು ಚುಕ್ಕಿ, ಇಲ್ಲಾ ದೂರದ ದೀಪ ನೋಡಿ ಅದು ಅತಿ ಸಣ್ಣ ಬಿಂದು ಆಗೋತನಕ ತಿರುಗಿಸು. ಈ ಲೆನ್ಸಿನ ದ್ವಾರ ಎಫ್/1.2, ಅಂದ್ರ ಭಾಳ ಅಗಲ, ಹಂಗಾಗಿ ಚೊಕ್ಕ ಕಾಣೋ ಆಳ ಭಾಳ ಕಡಿಮಿ. ದೂರಕ್ಕ ಇಟ್ಟರ ಕೈಯಾಗಿನ ನಕಾಶೆ ಮಸುಕು, ನಕಾಶೆಗೆ ಇಟ್ಟರ ದೂರ ಮಸುಕು. ಪ್ರತಿ ಸಲ ತಿರುಗಿಸಲೇಬೇಕು.

ಹೆಲ್ಮೆಟ್ಟಿನ ಹಿಂದ ಸಮತೂಕದ ಚೀಲ ಕಟ್ಟು, ಇಲ್ಲಾಂದ್ರ ಕುತ್ತಿಗಿ ಮುಂದಕ್ಕ ಜಗ್ತದ. ನಡಿಯೋವಾಗ ತಲಿ ಎಡಬಲ ಆಡಸ್ತಾ ಇರು, 40 ಡಿಗ್ರಿ ಆಚೆ ಏನೂ ಕಾಣಂಗಿಲ್ಲ. ಒಂದೇ ಕೊಳವಿ ಇದ್ದರ ಆಳದ ಅಂದಾಜು ಸಿಗೂದಿಲ್ಲ, ಮೆಟ್ಟಿಲು ಇಳಿಯೋವಾಗ ಕಾಲಿನಿಂದ ತಡವಿ ಇಳಿ.

ಗುರಿಗೆ ಅವಕೆಂಪು ಲೇಸರ್ ಹಚ್ಚೋರಿಗೂ ಒಂದು ಮಾತು. ಕುಂಬಳೆಯವರು ಮೊದಲಿಗೇ ಬರೆದ ದೀಪದ ದೋಷ ಲೇಸರಿಗೂ ಪೂರಾ ಲಾಗೂ ಆಗ್ತದ. ಎದುರಿನವನ ಹತ್ರ ಕನ್ನಡಕ ಇದ್ದರ ಗೆರಿ ಹಿಡಕೊಂಡು ನಿನ್ನ ಹತ್ರನೇ ಬರ್ತಾನ.

ಅಡಿಕೆತೋಟ, ಬದಿಯಡ್ಕ

ಇಷ್ಟು ವಿವರ ಸಿಕ್ಕಿದ್ದಕ್ಕೆ ಎಲ್ಲರಿಗೂ ವಂದನೆ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಲೆನ್ಸಿಗೇ ಬೂಸು ಹಿಡಿಯುತ್ತದೆ. ಇಂಥ ಉಪಕರಣ ಕರಾವಳಿಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಗಾಜುಗಣ್ಣು, ಹೊಸೂರು

ಒಳಗಿನ ಜಾಗಕ್ಕೆ ಒಣ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ, ಅದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಮುಟ್ಟಬೇಡಿ. ಬಿಸಿಯಿಂದ ತಂಪಿಗೆ ತಂದಾಗ ಮಂಜು ಲೆನ್ಸಿನ ಒಳಬದಿಗೆ ಕಟ್ಟಿದರೆ ಸೀಲು ಹೋಗಿದೆ ಎಂದು ಅರ್ಥ, ಮತ್ತೆ ಒಣ ನೈಟ್ರೋಜನ್ ಹಾಯಿಸಿ ತುಂಬಿಸಬೇಕು. ಹೊರಬದಿಗೆ ಕಟ್ಟಿದರೆ ಉಸಿರಿನದು, ಚಿಂತೆ ಇಲ್ಲ.

ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿದುಕೊಳ್ಳುತ್ತದೆ. ರಬ್ಬರ್ ಪಟ್ಟಿಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ಒಂದು ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. 60 ದಾಟಿತು ಅಂದರೆ ಬೂಸಿಗೆ ಆಹ್ವಾನ. ನೀಲಿ ಜೆಲ್ ಗುಲಾಬಿಯಾದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿ.

ಫಾಸ್ಫರ್, ಮಂಜೇಶ್ವರ

ಒಂದೆರಡು ಸೇರಿಸುತ್ತೇನೆ. ಕಡಲ ಬದಿಗೆ ಕೊಂಡೋದರೆ ವಾಪಸು ಬಂದ ಮೇಲೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಉಪ್ಪು ಉಳಿದರೆ ಬ್ಯಾಟರಿ ಮುಚ್ಚಳದ ಎಳೆ ಹಿಡಿದುಬಿಡುತ್ತದೆ. ಲೆನ್ಸಿಗೆ ಮೊದಲು ಗಾಳಿಯ ಬುಗ್ಗೆಯಿಂದ ಮರಳು ಊದಿ, ಆಮೇಲೆ ಬಟ್ಟೆ. ಬ್ಯಾಟರಿ ತೆಗೆದಿಡಿ. ಮತ್ತೆ ನಮ್ಮ ಸೆಕೆಯಲ್ಲಿ ಮುಚ್ಚಳ ಹಾಕಿದ್ದರೂ ತೆರೆ ಸ್ವಲ್ಪ ಮಂಕಾಗಿ ಬೆಳಗಿದಂತೆ ಕಂಡರೆ ಹೆದರಬೇಡಿ. ಶಾಖ ಏರಿದಂತೆ ಕ್ಯಾಥೋಡು ಬೆಳಕಿಲ್ಲದೆಯೂ ಎಲೆಕ್ಟ್ರಾನ್ ಬಿಡುತ್ತದೆ, ತಂಪಾದ ಕೋಣೆಗೆ ತಂದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಕೊಳವೆಯನ್ನು ಪರೀಕ್ಷೆಗೆ ಕಳುಹಿಸಿ.